ಮೊಣಕಾಲಿನಿಂದ ಡ್ಯಾಶ್‌ಬೋರ್ಡಿಗೆ

ಆರು ವರ್ಷ ನನ್ನ ಕಾರಿನಲ್ಲಿ ಎಲ್ಲರೂ ನನ್ನ ಮೊಣಕಾಲಿನ ಪಕ್ಕ ಕೂತೇ ಹಾಡಿದರು. ಗಾಯಕಿ ಇರಲಿ, ಕೊಳಲು ಇರಲಿ, ತಬಲ ಇರಲಿ, ಎಲ್ಲ ಡ್ರೈವರ್ ಬಾಗಿಲಿನ ಕೆಳಗಿನಿಂದಲೇ. ಆಚೆ ಬಾಗಿಲಿನ ಸ್ಪೀಕರ್ ಲೆಕ್ಕಕ್ಕುಂಟು ಆಟಕ್ಕಿಲ್ಲ. ಸ್ಪೀಕರ್ರೇ ಸರಿಯಿಲ್ಲ ಅಂದುಕೊಂಡು ಎರಡು ವರ್ಷದ ಹಿಂದೆ ಮುಂದಿನ ಜೋಡಿಯನ್ನು ಬದಲಾಯಿಸಿದೆ. ಸದ್ದು ಸ್ವಲ್ಪ ತಿಳಿಯಾಯಿತು. ಆದರೆ ಗಾಯಕಿ ಮೊಣಕಾಲು ಬಿಟ್ಟು ಏಳಲಿಲ್ಲ.

ಈಗ ಡಿಎಸ್‌ಪಿ ಹಾಕಿಸಿ ನಾಲ್ಕು ತಿಂಗಳಾಯಿತು. ಡಿಜಿಟಲ್ ಸಿಗ್ನಲ್ ಪ್ರೊಸೆಸರ್ ಅಂತಾರಲ್ಲ, ಅದು. ನಾನು ತಗೊಂಡದ್ದು ಒಳಗೇ ಆಂಪ್ಲಿಫೈಯರ್ ಇರುವ ಆರು ಚಾನೆಲ್‌ನದು, ಅಂದರೆ ಸದ್ದು ಹೊರಹೋಗಲು ಆರು ಬೇರೆ ಬೇರೆ ದಾರಿ. ದಪ್ಪ ನಿಘಂಟಿನಷ್ಟು ಗಾತ್ರ, ಸೀಟಿನ ಕೆಳಗೆ ಸರಿಯಾಗಿ ಕೂತಿದೆ. ಕಂಪನಿಯವರು ಕೊಟ್ಟ ಸ್ಟೀರಿಯೊ ಇದ್ದ ಜಾಗದಲ್ಲೇ ಇದೆ. ಅದರಿಂದ ಸ್ಪೀಕರ್‌ಗೆ ಹೋಗುತ್ತಿದ್ದ ಸಿಗ್ನಲ್ ಮೊದಲು ಈ ಪೆಟ್ಟಿಗೆಗೆ ಬರುತ್ತದೆ, ಇಲ್ಲಿ ತಿದ್ದಿಸಿಕೊಂಡು ಸ್ಪೀಕರ್‌ಗೆ ಹೋಗುತ್ತದೆ. ಕಾರಿನ ಸಾಕೆಟ್‌ಗೆ ಹೊಂದುವ ಹಾರ್ನೆಸ್ (ಪ್ಲಗ್ ಸಮೇತದ ವೈರ್ ಕಟ್ಟು) ಜೊತೆಗೇ ಬಂದಿತ್ತು, ಸ್ಟೀರಿಯೊ ಹಿಂದೆ ಒಂದು ವೈರನ್ನೂ ಕತ್ತರಿಸಬೇಕಾಗಲಿಲ್ಲ. ಕರೆಂಟ್ ಮಾತ್ರ ನೇರ ಬ್ಯಾಟರಿಯಿಂದ, ನಡುವೆ ಒಂದು ಫ್ಯೂಸ್. ಟ್ವೀಟರ್ (ತೆಳು, ಚೂಪು ಸದ್ದಿನ ಪುಟ್ಟ ಸ್ಪೀಕರ್) ಮತ್ತು ಬಾಗಿಲಿನ ಸ್ಪೀಕರ್ ಎರಡಕ್ಕೂ ಬೇರೆ ಬೇರೆ ಚಾನೆಲ್ ಕೊಡಬೇಕಿತ್ತು, ಹಾಗಾಗಿ ಬಾಗಿಲೊಳಗೆ ಹೊಸ ವೈರ್ ಎಳೆಯಬೇಕಾಯಿತು. ಅಲ್ಲೇ ಎಡವಟ್ಟಾಗಿದ್ದು.

ಮೊದಲ ದಿನ ಖುಷಿಯಿಂದ ಹಾಡು ಹಾಕಿದರೆ ಬೇಸ್ ನಾಪತ್ತೆ. ಮೃದಂಗ ತಗಡು ಡಬ್ಬಿ ಬಡಿದ ಹಾಗೆ. ಬ್ಯಾಲೆನ್ಸನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಬೇಸ್ ಹಾಜರ್, ನಡುವಿಗೆ ತಂದರೆ ಮತ್ತೆ ಮಾಯ. ನಿಮ್ಮ ಕಾರಿನಲ್ಲೂ ಹೀಗಾದರೆ ದಪ್ಪ, ತೆಳು ಸದ್ದನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್ ಮುಟ್ಟಬೇಡಿ, ವೈರ್ ನೋಡಿ. ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲುಬದಲಾಗಿರುತ್ತದೆ. ಸ್ಪೀಕರ್‌ನೊಳಗೆ ಅದುರುವ ಕೋನ್ ಇದೆಯಲ್ಲ, ಒಂದು ಕೋನ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದರೆ ಎರಡೂ ಸೇರಿ ಬೇಸನ್ನು ಅಳಿಸಿಬಿಡುತ್ತವೆ. ನಾನು ಆಂಪ್ಲಿಫೈಯರ್ ಕಡೆಯ ಪ್ಲಗ್ ಕಿತ್ತು, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ವೈರಿನ ತುದಿಗೆ ಕ್ಷಣ ಮಾತ್ರ ತಾಗಿಸಿದೆ. ಮಗಳು ಸ್ಪೀಕರ್ ಜಾಲರಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಳು. ‘ಇದು ಹೊರಗೆ ಬಂತು ಅಪ್ಪ.’ ಆ ಕಡೆ ಬಾಗಿಲಿಗೆ ಹೋದಳು. ‘ಇದು ಒಳಗೆ ಹೋಯ್ತು.’ ಸಿಕ್ಕಿಬಿತ್ತು. ಡಿಎಸ್‌ಪಿಯ ಫೋನ್ ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೂ ತಿರುಗಿಸಬಹುದಿತ್ತು, ಆದರೆ ತಪ್ಪು ವೈರನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ. ಫಿಟ್ಟಿಂಗ್ ಮಾಡಿದವನನ್ನು ಕೇಳಿದರೆ ‘ಹೊಸ ಸಿಸ್ಟಮ್ ಸರ್, ಸ್ವಲ್ಪ ದಿನ ಓಡಬೇಕು’ ಅಂದಿದ್ದ. ಎಷ್ಟು ಓಡಿದರೂ ಮೈನಸ್ಸು ಪ್ಲಸ್ ಆಗಲ್ಲ ಅಲ್ವಾ?

ಇನ್ನು ಗಾಯಕಿಯ ವಿಷಯ. ಟೇಪ್ ಹಿಡಿದು ಅಳೆದೆ. ನನ್ನ ತಲೆಯಿಂದ ಹತ್ತಿರದ ಸ್ಪೀಕರ್‌ಗೆ 92 ಸೆಂಟಿಮೀಟರ್, ದೂರದ್ದಕ್ಕೆ 139. ವ್ಯತ್ಯಾಸ 47. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಹತ್ತಿರದ ಸ್ಪೀಕರ್‌ನ ಸದ್ದು ಸುಮಾರು 1.4 ಮಿಲಿಸೆಕೆಂಡ್ ಮುಂಚೆ ಕಿವಿಗೆ ಬೀಳುತ್ತಿತ್ತು. ಇಷ್ಟು ಸಾಕು, ಮೊದಲು ಬಂದ ಕಡೆಯೇ ಹಾಡುವವರು ಇದ್ದಾರೆ ಅಂತ ಕಿವಿ ತೀರ್ಮಾನ ಮಾಡಿಬಿಡುತ್ತದೆ. ಡಿಎಸ್‌ಪಿ ಮಾಡುವುದು ಇಷ್ಟೇ: ಹತ್ತಿರದ ಸ್ಪೀಕರ್‌ಗೆ ‘ಸ್ವಲ್ಪ ತಾಳು’ ಅನ್ನುತ್ತದೆ. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಕೂತು ಫೋನಿನಲ್ಲಿ 1.4 ಅಂತ ಒತ್ತಿದೆ. ಗಾಯಕಿ ಎದ್ದು ಹೋಗಿ ಡ್ಯಾಶ್‌ಬೋರ್ಡಿನ ನಡುವೆ ನಿಂತಳು. ಸುಳ್ಳಲ್ಲ, ನಾನು ಆ ಕಡೆ ತಿರುಗಿ ನೋಡಿದೆ. ಸೊನ್ನೆ ಮಾಡಿದೆ, ಮೊಣಕಾಲು. 1.4, ಡ್ಯಾಶ್‌ಬೋರ್ಡ್. ಹತ್ತು ಸಲ ಹೀಗೇ ಆಡಿದೆ. ಹಳೇ ಸ್ಪೀಕರ್ ಇಟ್ಟುಕೊಂಡೇ ಇದನ್ನು ಮಾಡಬಹುದಿತ್ತಲ್ಲ ಅಂತ ಹೊಟ್ಟೆ ಉರಿದದ್ದೂ ಆಗಲೇ.

ಈಕ್ವಲೈಜರ್‌ಗೆ ಮೈಕ್ ಬೇಕೇ ಬೇಕು. ಕಿವಿ ನಂಬಿದರೆ ಕೆಟ್ಟಿರಿ, ಹತ್ತು ನಿಮಿಷದಲ್ಲಿ ಅದು ಎಂಥ ಸದ್ದಿಗೂ ಒಗ್ಗಿಹೋಗುತ್ತದೆ. ಗೆಳೆಯನ ಹತ್ತಿರ ಯೂಮಿಕ್-1 ಅನ್ನುವ ಅಳತೆಯ ಮೈಕ್ ಇತ್ತು, ಲ್ಯಾಪ್‌ಟಾಪ್‌ನಲ್ಲಿ ಸದ್ದು ಅಳೆಯುವ ಆರ್‌ಇಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಪಿಂಕ್ ನಾಯ್ಸ್ ಅನ್ನುವ, ಮಳೆ ಸುರಿದಂಥ ಪರೀಕ್ಷೆಯ ಸದ್ದು ಬಿಟ್ಟು, ಮೈಕನ್ನು ತಲೆ ಇರುವ ಜಾಗದಲ್ಲಿ ನಿಧಾನವಾಗಿ ಆಡಿಸುತ್ತಾ ಅಳೆದೆ. ಗ್ರಾಫ್‌ನಲ್ಲಿ 160 ಹರ್ಟ್ಸ್ ಹತ್ತಿರ ಒಂದು ದೊಡ್ಡ ದಿಬ್ಬ. ಗಂಡಸರ ದನಿ ಕೊಡದೊಳಗೆ ಮಾತಾಡಿದ ಹಾಗೆ ಕೇಳುತ್ತಿದ್ದುದಕ್ಕೆ ಅದೇ ಕಾರಣ. ಅದನ್ನು 6 ಡೆಸಿಬೆಲ್ ಇಳಿಸಿದೆ. 80ರ ಆಸುಪಾಸಿನಲ್ಲಿ ಒಂದು ಗುಂಡಿಯೂ ಇತ್ತು. ಎಷ್ಟು ಏರಿಸಿದರೂ ತುಂಬಲಿಲ್ಲ. ಕಾರಿನೊಳಗೆ ಅಲೆಗಳು ಒಂದನ್ನೊಂದು ತಿನ್ನುವ ಜಾಗ ಅದು, ಸುರಿದಷ್ಟೂ ಆಂಪ್ಲಿಫೈಯರ್ ಬಿಸಿ. ದಿಬ್ಬ ಕಡಿಯಿರಿ, ಗುಂಡಿಗೆ ಮಣ್ಣು ಹೊರಬೇಡಿ.

ಈ ಕೆಲಸದಲ್ಲಿ ಮುಳುಗಿ ಇಂಜಿನ್ ಆಫ್ ಮಾಡಿ ಮೂರು ಗಂಟೆ ಕೂತಿದ್ದೆ. ಬೆಳಿಗ್ಗೆ ಕಾರು ಟಕ್ ಟಕ್ ಅಂದು ಸುಮ್ಮನಾಯಿತು. ಪಕ್ಕದ ಮನೆಯವರ ಬ್ಯಾಟರಿಯಿಂದ ಜಂಪ್ ಕೊಟ್ಟು ಎಬ್ಬಿಸಬೇಕಾಯಿತು. ನೀವು ಮಾಡುವುದಾದರೆ ಚಾರ್ಜರ್ ಹಾಕಿಕೊಂಡು ಮಾಡಿ.

ಕೊರತೆ ಇಲ್ಲ ಅಂತಲ್ಲ. ಹಾಡು ನಿಂತಾಗ ಟ್ವೀಟರ್‌ನಿಂದ ಸಣ್ಣ ಹಿಸ್ ಕೇಳುತ್ತದೆ, ಓಡುವಾಗ ಗೊತ್ತಾಗಲ್ಲ. ಆ್ಯಪ್‌ನ ಬ್ಲೂಟೂತ್ ಆಗಾಗ ಕೈ ಕೊಡುತ್ತದೆ. ಎಲ್ಲಕ್ಕಿಂತ ತಲೆನೋವು ಕಂಪನಿ ಸ್ಟೀರಿಯೊದ್ದೇ: ವಾಲ್ಯೂಮ್ ಏರಿಸಿದಷ್ಟೂ ಅದು ತಾನಾಗಿ ಬೇಸ್ ತಗ್ಗಿಸುತ್ತದೆ, ಸಣ್ಣ ಸ್ಪೀಕರ್ ಹರಿಯದಿರಲಿ ಅಂತ. ಒಂದು ವಾಲ್ಯೂಮ್‌ನಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಕೆಡುತ್ತದೆ. ಅದಕ್ಕೆ ಸ್ಟೀರಿಯೊವನ್ನು 40ರಲ್ಲಿ 26ಕ್ಕೆ ನಿಲ್ಲಿಸಿ, ಡಿಎಸ್‌ಪಿಯ ಪುಟ್ಟ ನಾಬ್‌ನಿಂದಲೇ ಸದ್ದು ಏರಿಸಿ ಇಳಿಸುತ್ತೇನೆ. ಸ್ಟೀರಿಂಗ್ ಮೇಲಿನ ಬಟನ್‌ಗೆ ಈಗ ಕೆಲಸವಿಲ್ಲ. ಇದು ನಿಮಗೆ ಕಿರಿಕಿರಿ ಅನಿಸಿದರೆ ಕೊಳ್ಳುವ ಮುಂಚೆ ಯೋಚಿಸಿ. ನನಗೆ ಒಂದು ವಾರದಲ್ಲಿ ರೂಢಿಯಾಯಿತು.

ಇನ್ನೊಂದು ತಕರಾರು ಪಕ್ಕದ ಸೀಟಿನದು. ನನ್ನ ತಲೆಗೆ ಲೆಕ್ಕ ಹಾಕಿದ 1.4 ನನ್ನ ಹೆಂಡತಿಗೆ ತಿರುಗುಮುರುಗು. ‘ರೀ, ನನ್ನ ಕಡೆ ಬಾಗಿಲು ಒಂದೇ ಕಿರುಚುತ್ತಿದೆ’ ಅಂದಳು. ಡಿಎಸ್‌ಪಿ ನೆನಪಿಟ್ಟುಕೊಳ್ಳುವ ಎರಡನೇ ಸೆಟ್ಟಿಂಗ್‌ನಲ್ಲಿ, ಅಂದರೆ ಪ್ರೀಸೆಟ್ 2ರಲ್ಲಿ, ಅವಳ ಸೀಟಿನ ಅಳತೆ ಹಾಕಿಕೊಟ್ಟೆ. ಈಗ ಕಾರು ಹತ್ತಿದ ತಕ್ಷಣ ಅವಳು ಮೊದಲು ಒತ್ತುವುದು ಅದನ್ನೇ, ಆಮೇಲೆ ಸೀಟ್ ಬೆಲ್ಟ್. ಗಾಯಕಿ ಮತ್ತೆ ನನ್ನ ಮೊಣಕಾಲಿನ ಹತ್ತಿರ ಬಂದು ಕೂರುತ್ತಾಳೆ.