ಪುಸ್ತಕಕ್ಕೋ ಸಿನಿಮಾಗೋ: ಯಾವ ಫೆಲೋಶಿಪ್‌ಗೆ ಅರ್ಜಿ ಹಾಕಲಿ?

ಬರವಣಿಗೆಗೆ, ಕಲೆಯ ಕೆಲಸಕ್ಕೆ ಹಣದ ನೆರವು ಕೊಡುವ ಬೆಂಗಳೂರಿನ ಎರಡು ಸಂಸ್ಥೆಗಳು ನ್ಯೂ ಇಂಡಿಯಾ ಫೌಂಡೇಶನ್ ಮತ್ತು ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ (ಐಎಫ್‌ಎ). ಇವೆರಡರಲ್ಲಿ ಯಾವುದಕ್ಕೆ ಅರ್ಜಿ ಹಾಕಲಿ ಅಂತ ಕೇಳಿದ್ದೀರಿ. ಮೊದಲು ನಿಮ್ಮ ವಿಷಯ ಏನು ಅಂತ ನೋಡಿ.

ಸ್ವತಂತ್ರ ಭಾರತದ ಕತೆ ಹೇಳುವ ಪುಸ್ತಕವಾದರೆ ಮೊದಲನೆಯದು. ಕಾದಂಬರಿಗೆ, ಸಿನಿಮಾಗೆ ಅಲ್ಲಿ ಜಾಗವಿಲ್ಲ. ಯಕ್ಷಗಾನ, ರಂಗಭೂಮಿ, ಛಾಯಾಚಿತ್ರದಂಥ ಕಲೆಗಳ ಸುತ್ತ ಹುಡುಕಾಟ ನಡೆಸುವವರಿಗೆ ಐಎಫ್‌ಎ. ಫಲ ಪುಸ್ತಕವಾಗಬಹುದು, ಚಿತ್ರವೂ ಆಗಬಹುದು.

ಹಣದ ವಿಷಯದಲ್ಲಿ ವ್ಯತ್ಯಾಸ ಜಾಸ್ತಿ. ನ್ಯೂ ಇಂಡಿಯಾ ಈಚಿನ ಸುತ್ತುಗಳಲ್ಲಿ ಒಂದು ವರ್ಷ, ತಿಂಗಳಿಗೆ 1.5 ಲಕ್ಷ ರೂಪಾಯಿಯಂತೆ ಕೊಟ್ಟಿದೆ. ಕೆಲಸ ಬಿಟ್ಟು ಬರೆಯಲು ಕೂರಬಹುದು, ಮನೆ ಬಾಡಿಗೆಯ ಚಿಂತೆ ಇರದು. ಐಎಫ್‌ಎಯದು ಯೋಜನೆಯ ಬಜೆಟ್ಟಿಗೆ ತಕ್ಕ ಅನುದಾನ: ಓಡಾಟ, ಚಿತ್ರೀಕರಣದಂಥ ಖರ್ಚಿನ ಲೆಕ್ಕ ನೀವೇ ಬರೆದು ಕೊಡಬೇಕು. ಸಂಬಳ ಇರುವವರಿಗೆ ಇದು ಸಾಕಾಗಬಹುದು, ಸಂಸಾರ ನಡೆಸಲು ಮಾತ್ರ ಕಷ್ಟ.

ಭಾಷೆಯನ್ನು ಮರೆಯಬೇಡಿ. ಐಎಫ್‌ಎಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಹಳ್ಳಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇದು ದೊಡ್ಡ ಬಾಗಿಲು, ಅಲ್ವಾ? ಇಂಗ್ಲಿಷಿನಲ್ಲೂ ಸಲೀಸಾಗಿ ಬರೆಯುವವರು ನ್ಯೂ ಇಂಡಿಯಾದ ಅನುವಾದ ಫೆಲೋಶಿಪ್ ನೋಡಿ. ಕನ್ನಡದ ಕಥೇತರ ಪುಸ್ತಕವನ್ನು ಇಂಗ್ಲಿಷಿಗೆ ತರಲು ಆರು ತಿಂಗಳು, 6 ಲಕ್ಷ ರೂಪಾಯಿ.

ಅರ್ಜಿಗೆ ಮುಂಚೆ ಒಂದು ಅಧ್ಯಾಯವನ್ನಾದರೂ ಬರೆದಿಡಿ. ನ್ಯೂ ಇಂಡಿಯಾದವರು ಬರವಣಿಗೆಯ ಮಾದರಿ ಕೇಳುತ್ತಾರೆ, ಸುಮ್ನೆ ಆಲೋಚನೆ ಸಾಲದು.