ನಿಷೇಧವೋ, ತೆರಿಗೆಯೋ, ಎಚ್ಚರಿಕೆಯೋ?

ಒಂದು ವಸ್ತುವಿನ ಬಳಕೆ ತಗ್ಗಿಸಲು ಸರ್ಕಾರದ ಮುಂದಿರುವ ಈ ಮೂರು ದಾರಿಗಳಲ್ಲಿ ಯಾವುದು ವಾಸಿ ಅಂತ ಕೇಳಿದ್ದೀರಿ.

ಮೊದಲು ಕಳ್ಳಸಾಗಣೆ ನೋಡಿ. ನಿಷೇಧ ಎಡವುವುದೇ ಇಲ್ಲಿ. ಭೂತಾನ್ 2004ರಲ್ಲಿ ತಂಬಾಕು ಮಾರಾಟ ನಿಲ್ಲಿಸಿತು. ಗಡಿ ದಾಟಿ ಕದ್ದು ಬರುವುದು ನಿಲ್ಲಲಿಲ್ಲ. 2021ರಲ್ಲಿ ನಿಷೇಧವನ್ನೇ ತೆಗೆದರು. ಚಟ ಇರುವ ಕಡೆ ಬೀಗ ಹಾಕಿದರೆ ಹಿತ್ತಿಲ ಬಾಗಿಲು ತೆರೆಯುತ್ತದೆ, ಅಲ್ವಾ?

ಸ್ವಾತಂತ್ರ್ಯದ ಮಾತಿಗೆ ಬಂದರೆ ತೆರಿಗೆ ಮೆತ್ತಗೆ. ಐರ್ಲೆಂಡ್ 2002ರಲ್ಲಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ಹಾಕಿತು, ಅಷ್ಟೇ. ಸುಮ್ನೆ ಸಿಗುತ್ತಿದ್ದ ಚೀಲಕ್ಕೆ ಕೌಂಟರಿನಲ್ಲಿ ಚಿಲ್ಲರೆ ಎಣಿಸಬೇಕಾಯಿತು. ಬಳಕೆ ಶೇ 90ಕ್ಕಿಂತ ಜಾಸ್ತಿ ಇಳಿಯಿತು. ಆದರೆ ದೊಡ್ಡ ತೆರಿಗೆ ಉಳ್ಳವರಿಗೆ ಬರೀ ಬೆಲೆ, ಬಡವರಿಗೆ ಹೆಚ್ಚುಕಡಿಮೆ ನಿಷೇಧವೇ. ಇದನ್ನು ಮರೆಯಬೇಡಿ.

ಪ್ಯಾಕೆಟ್ ಮೇಲಿನ ಎಚ್ಚರಿಕೆಗೆ ಖರ್ಚು ಕಡಿಮೆ, ಫಲ ನಿಧಾನ. ಹೊಸದಾಗಿ ಶುರು ಮಾಡುವವರನ್ನು ತಡೆಯಬೇಕಿದ್ದರೆ ಸರಿ.

ಹಾಗಾದರೆ ನಿಷೇಧ ಯಾವಾಗ? ಹಾನಿ ಪಕ್ಕದವರಿಗೂ ತಟ್ಟುವಾಗ, ಬದಲಿ ವಸ್ತು ಕೈಗೆ ಸಿಗುವಾಗ. ಸೀಸದ ಪೆಟ್ರೋಲ್ ಹಾಗೇ ಹೋಯಿತು. ಅದರ ಹೊಗೆ ಎಲ್ಲರ ಮೂಗಿಗೂ ಬರುತ್ತಿತ್ತು, ಸೀಸವಿಲ್ಲದ ಪೆಟ್ರೋಲ್ ಸಿದ್ಧವಿತ್ತು. ಎಲ್ಲ ದೇಶಗಳಿಗಿಂತ ಕೊನೆಗೆ ಅಲ್ಜೀರಿಯಾ 2021ರಲ್ಲಿ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರಾಟ ನಿಲ್ಲಿಸಿತು.