ಕೊಪ್ಪಳದ ಸವಳ ನೀರಿಗೆ ಯಾವ್ದು ನಡೀತೈತಿ: ನಲ್ಲಿ ಫಿಲ್ಟರ್, ಸಾಫ್ಟನರ್, ಆರ್‌ಓ, ಕ್ಯಾನ್ ನೀರು

ಬ್ಯಾಸಿಗಿ ಬಂತಂದ್ರ ನಮ್ಮ ಓಣಿಗೆ ಹೊಳಿ ನೀರು ಕಮ್ಮಿ ಆಗಿ ಬೋರಿನ ಸವಳ (ಗಡಸ) ನೀರು ಕೂಡಿಸಿ ಬಿಡ್ತಾರ, ಅಲ್ಲಿಂದ ಶುರು ನೋಡ್ರಿ, ಬ್ಯಾಳಿ ಎಷ್ಟ ಸೀಟಿ ಹೊಡಸಿದ್ರೂ ಕರಗಂಗಿಲ್ಲ, ಸಾಬೂನು ನೊರಿ ಬರಂಗಿಲ್ಲ, ತಲಿ ತೊಳ್ಕೊಂಡ್ರ ಕೂದ್ಲ ಜಿಗಿಜಿಗಿ. ಇದಕ್ಕ ಅಂತ ಮಾರೋ ಸಾಮಾನು ನಾಕೈದು ನಮ್ಮ ಮನ್ಯಾಗ ಮತ್ತ ನಮ್ಮ ಅಕ್ಕನ ಮನ್ಯಾಗ ಹಾಕಿ ನೋಡೇವಿ (ಆಕಿದು ಭಾಗ್ಯನಗರದಾಗ, ಪೂರ್ತಿ ಬೋರ್ ನೀರ). ಯಾವ್ದು ಚಲೋ ಅಂತ ಎಲ್ಲಾರೂ ಕೇಳ್ತಾರ, ಆದ್ರ ಕುಡ್ಯಾಕ ಬೇಕಾದ್ದು ಬ್ಯಾರೆ, ಗೀಸರಿಗೆ ಬೇಕಾದ್ದು ಬ್ಯಾರೆ, ಒಂದ ಮಷಿನ್ ಎರಡಕ್ಕೂ ಆಗ್ತೈತಿ ಅನ್ನೋನ್ನ ನಾನಂತೂ ನಂಬಂಗಿಲ್ಲ.

ಮೊದ್ಲ ಮೀಟರ್ ಬಗ್ಗೆ ಹೇಳಿಬಿಡ್ತೀನಿ. ಮಾರಾಕ ಬರೋ ಹುಡುಗ್ರು ಕಿಸೆದಿಂದ ಟಿಡಿಎಸ್ ಮೀಟರ್ ತಗದು ಲೋಟದಾಗ ಅದ್ದಿ, ನೋಡ್ರಿ ಅಣ್ಣಾ ಎಷ್ಟ ಐತಿ ಅಂತ ಹೆದರಸ್ತಾರ. ಅದು ನೀರಾಗ ಕರಗಿದ ಎಲ್ಲಾ ಉಪ್ಪಿನ ಅಂದಾಜ ಲೆಕ್ಕ. ನೀರು ಗಡಸ ಆಗೋದು ಅದ್ರಾಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂದಿಂದ, ಅದನ್ನ ಈ ಮೀಟರ್ ಬ್ಯಾರೆ ಮಾಡಿ ತೋರ್ಸಂಗಿಲ್ಲ. ಸರ್ಕಾರದ ಮಾನದಂಡ ಐಎಸ್ 10500 ಒಳಗೂ ಎರಡೂ ಬ್ಯಾರೆ ಬ್ಯಾರೆ: ಲೀಟರಿಗೆ ಟಿಡಿಎಸ್ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ, ಬ್ಯಾರೆ ನೀರ ಸಿಗಂಗಿಲ್ಲ ಅಂದ್ರ 2000 ಮತ್ತ 600 ತನಕ. ಗಡಸುತನ ನೋಡಾಕ ಹನಿ ಹಾಕೋ ಕಿಟ್ ಸಿಗ್ತೈತಿ. ಅದೂ ಬ್ಯಾಡಂದ್ರ ಬಾಟ್ಲಿಯಾಗ ಅರ್ಧ ನೀರು ಹಾಕಿ, ಮೈಸಾಬೂನು ಕೆರದು ಹಾಕಿ ಕುಲುಕ್ರಿ (ಡಿಟರ್ಜೆಂಟ್ ಲಿಕ್ವಿಡ್ ಬ್ಯಾಡ, ಅದು ಗಡಸ ನೀರಾಗೂ ನೊರಿ ಕೊಡ್ತೈತಿ). ಮಳಿ ನೀರಾಗ ಬಾಟ್ಲಿ ತುಂಬ ನೊರಿ, ಅಕ್ಕನ ಬೋರ್ ನೀರಾಗ ನೊರಿ ಇಲ್ದ ಹಾಲು ಒಡದಂಗ ಬಿಳಿ ಬಿಳಿ ತುಣುಕು ತೇಲ್ತಾವು. ಬಚ್ಚಲದ ಬಕೀಟಿಗೆ, ಅಂಗಿ ಕಾಲರಿಗೆ ಹತ್ತೋದು ಅದ.

ನಲ್ಲಿ ಫಿಲ್ಟರ್, ಶವರ್ ಫಿಲ್ಟರ್ ಅಂತ ಬರ್ತಾವಲ್ಲ, ಒಳಗ ಬಿಳಿ ಗುಂಡು ಇರ್ತಾವು, ಭಾಳ ಮಂದಿ ತರೋದು ಇದನ್ನ, ಯಾಕಂದ್ರ ಸೋವಿ. ಹೆಚ್ಚಿನವು ಪಾಲಿಫಾಸ್ಫೇಟ್. ಇದು ಕ್ಯಾಲ್ಸಿಯಂ ತಗಿಯಂಗಿಲ್ಲ, ಗಟ್ಟಿಯಾಗಿ ಹತ್ತಿ ಕುಂದ್ರದಂಗ ತಡೀತೈತಿ ಅಷ್ಟ. ವಾಷಿಂಗ್ ಮಷಿನಿಗೆ ಹಾಕಿದ ಮ್ಯಾಲೆ ಒಳಗ ಬಿಳಿ ಕಟ್ಟೋದು ಕಮ್ಮಿ ಆತು, ಇಲ್ಲ ಅನ್ನಂಗಿಲ್ಲ. ಆದ್ರ ಶವರಿಗೆ ಹಾಕಿದ್ದು ದಂಡ, ಬಾಟ್ಲಿ ಪರೀಕ್ಷೆ ಮಾಡಿದ್ರ ಹಿಂದಿನಂಗ ತುಣುಕು, ಕೂದ್ಲಕ್ಕ ಏನೂ ಫರಕ ಇಲ್ಲ. ಗುಂಡು ಕರಗಿ ಸಣ್ಣ ಆಗ್ತಾವು, ಆವಾಗಾವಾಗ ಹೊಸಾವು ಹಾಕಬೇಕು.

ಸಾಫ್ಟನರ್ ಅಕ್ಕನ ಮನಿ ಟ್ಯಾಂಕ್ ಪೈಪಿಗೆ ಕೂಡಿಸ್ಯಾರ. ಒಳಗ ರೆಸಿನ್ ಅಂತ ಸಣ್ಣ ಕಾಳು, ಅವು ಕ್ಯಾಲ್ಸಿಯಂ ಹಿಡ್ಕೊಂಡು ಬದ್ಲಿಗೆ ಸೋಡಿಯಂ ಬಿಡ್ತಾವು. ಜಳಕಕ್ಕ ಒಗ್ಯಾಣಕ್ಕ ಇದ್ರ ಮುಂದ ಯಾವ್ದೂ ಇಲ್ಲ, ಮೊದಲ್ನೇ ಸಲ ಜಳಕ ಮಾಡಿದ್ರ ಸಾಬೂನು ಹೋಗೇ ಇಲ್ಲೇನು ಅನ್ನೋವಷ್ಟ ಮೈ ಜಾರ್ತೈತಿ, ಗೀಸರ್ ಕಾಯಿಲ್ ತಗದು ನೋಡಿದ್ರ ಲೋಹದ ಬಣ್ಣ ಕಾಣ್ತೈತಿ. ನಮ್ಮ ಗೀಸರ್ ಕಾಯಿಲ್ ಮಿಸ್ತ್ರಿ ಸ್ಕ್ರೂಡ್ರೈವರ್ಲೆ ಬಡದಾಗ ಬೆರಳು ದಪ್ಪದ ಸವಳ ಪದರ ಕಳಚಿ ಬಿತ್ತು, ಹಂಗ ಕಟ್ಟಿದ ಮ್ಯಾಲೆ ನೀರು ಕಾಯಾಕ ತಡಾನೂ ಆಗ್ತೈತಿ, ಕಾಯಿಲ್ಲೂ ಸುಡ್ತೈತಿ. ಆದ್ರ ಸಾಫ್ಟನರಿಗೆ ಉಪ್ಪಿನ ಸೇವಾ ತಪ್ಪಂಗಿಲ್ಲ. ರೆಸಿನ್ ತುಂಬಿದ ಮ್ಯಾಲೆ ಉಪ್ಪು ನೀರು ಬಿಟ್ಟು ತೊಳೀಬೇಕು, ಅಕ್ಕ ಊರಿಗೆ ಹೋದ್ರ ನಮ್ಮ ಮಾವ ಅದನ್ನ ಮುಟ್ಟಂಗೇ ಇಲ್ಲ, ಆವಾಗ ಅದು ಬರೇ ದಪ್ಪನ ಪೈಪ್ ಅಷ್ಟ. ತೊಳದ ನೀರು ಹಿತ್ತಲಿಗೆ ಹರದು ಕರಿಬೇವಿನ ಗಿಡ ಒಣಗೇತಿ, ಈಗ ಗಟಾರಕ್ಕ ಬಿಡ್ತಾರ. ಟಿಡಿಎಸ್ ಮೀಟರ್ ಹಿಡದ್ರ ಹೆಚ್ಚುಕಮ್ಮಿ ಮೊದ್ಲಿನಷ್ಟ ತೋರಸ್ತೈತಿ, ಇದನ್ನ ನೋಡಿ ಮೋಸ ಅಂತ ಜಗಳಾಡಬ್ಯಾಡ್ರಿ, ಅದ್ರ ಕೆಲಸಾನ ಅದಲ್ಲ. ಕುಡ್ಯಾಕ ಮಾತ್ರ ಬ್ಯಾಡ, 100 ಮಿಲಿಗ್ರಾಂ ಗಡಸುತನ ತಗದ್ರ ಸುಮಾರು 46 ಮಿಲಿಗ್ರಾಂ ಸೋಡಿಯಂ ಕೂಡ್ತೈತಿ, ಮನ್ಯಾಗ ಬಿಪಿ ಇದ್ದೋರು ಇದ್ರಂತೂ ದೂರ ಇಡ್ರಿ.

ಕುಡ್ಯಾಕ ಅಡಿಗಿಗೆ ಆರ್‌ಓ (ನೀರನ್ನ ಒತ್ತಿ ಮೆಂಬ್ರೇನ್ ಅನ್ನೋ ತೆಳು ಪೊರಿ ದಾಟಿಸಿ ಉಪ್ಪು ತಗಿಯೋ ಮಷಿನ್) ಅಥವಾ ಕ್ಯಾನ್. ನಮ್ಮ ಜಿಲ್ಲಾದಾಗ ಗಡಸುತನಕ್ಕಿಂತ ದೊಡ್ಡ ತ್ರಾಸು ಫ್ಲೋರೈಡ್. ಕುಷ್ಟಗಿ, ಯಲಬುರ್ಗಾ ಕಡೆ ಬೋರ್ ನೀರು ಕುಡದು ಹಲ್ಲು ಕಂದು ಆದೋರು ಎಷ್ಟ ಮಂದಿ ಅದಾರ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚಂದ್ರ 1.5. ಕುದಿಸಿದ್ರ ಅದು ಹೋಗಂಗಿಲ್ಲ, ನೀರು ಆವಿ ಆಗಿ ಉಳದಿದ್ದು ಇನ್ನಷ್ಟ ಗಟ್ಟಿ ಆಗ್ತೈತಿ, ಸಾಫ್ಟನರೂ ತಗಿಯಂಗಿಲ್ಲ, ಆರ್‌ಓ ತಗೀತೈತಿ. ಆದ್ರ ಮನಿ ಆರ್‌ಓ ಒಂದ ಕೊಡ ಕೊಡಾಕ ಎರಡ ಮೂರ ಕೊಡ ಹೊರಗ ಚೆಲ್ತೈತಿ, ನೀರು ವಾರಕ್ಕೊಮ್ಮೆ ಬರೋ ಓಣ್ಯಾಗ ಇದು ಹೊಟ್ಟಿಗೆ ಬೆಂಕಿ ಇಟ್ಟಂಗ ಆಗ್ತೈತಿ. ಚೆಲ್ಲಿದ ನೀರು ಪಾಯಖಾನಿಗೆ ಹಾಕ್ತೀವಿ, ಗಿಡಕ್ಕ ಹಾಕಂಗಿಲ್ಲ. ಸವಳು ಕಟ್ಟಿ ಮೆಂಬ್ರೇನೂ ಲಗೂ ಹೋಗ್ತೈತಿ. ಅದಕ್ಕ ನಾವು ಶುದ್ಧ ಕುಡಿಯುವ ನೀರಿನ ಘಟಕದಿಂದ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತರ್ತೀವಿ. ಅದೂ ಆರ್‌ಓನ, ಚೆಲ್ಲೋದು ಅಲ್ಲಿ ಅಷ್ಟ. ಘಟಕ ಕೆಟ್ಟು ನಿಂತಾಗ ಮಾತ್ರ ಓಣಿ ತುಂಬ ಕ್ಯಾನ್ ಹಿಡ್ಕೊಂಡು ಓಡಾಟ. ಅವ್ವ ಬ್ಯಾಳಿಗೆ ಮೊದ್ಲಿಂದ ಈ ನೀರ ಹಾಕೋದು, ಸೋಡಾ ಹಾಕ್ದನ ಕರಗ್ತೈತಿ.

ಪಟಕ ತಿರುಗಿಸೋದು ಕೆಸರು ತಳಕ್ಕ ಕುಂದ್ರಸಾಕ, ಗಡಸುತನಕ್ಕ ಸಂಬಂಧ ಇಲ್ಲ. ಕುದಿಸಿದ್ರ ಬೈಕಾರ್ಬೊನೇಟ್ ಗಡಸುತನ ಅಷ್ಟ ತಳಕ್ಕ ಕುಂದ್ರತೈತಿ, ಸಲ್ಫೇಟ್ ಕ್ಲೋರೈಡಿಂದು ಹಂಗ ಉಳೀತೈತಿ. ಬಟ್ಟಿಗೆ ಒಗಿಯೋ ಸೋಡಾ ಒಂದ ಚಮಚ ಮೊದ್ಲ ಬಕೀಟಿಗೆ ಹಾಕಿ ಆಮ್ಯಾಲೆ ಪುಡಿ ಹಾಕಿದ್ರ ಪುಡಿ ಕಮ್ಮಿ ಹಿಡೀತೈತಿ, ರೇಷ್ಮಿ ಬಟ್ಟಿಗೆ ಬ್ಯಾಡ. ನಲ್ಲಿ, ಕೆಟಲ್ ಸವಳಿಗೆ ಸಿಟ್ರಿಕ್ ಆಸಿಡ್ ಪುಡಿ ಬಿಸಿ ನೀರಾಗ ಕಲಸಿ ಹಚ್ಚಿದ್ರ ಬುರ್ರಂತ ಗುಳ್ಳಿ ಬಂದು ಬಿಡ್ತೈತಿ, ಬ್ಲೀಚಿಂಗ್ ಪುಡಿ ಜೊತಿ ಮಾತ್ರ ಕೂಡಸಬ್ಯಾಡ್ರಿ, ವಿಷದ ಗ್ಯಾಸ್ ಬರ್ತೈತಿ.

ಸ್ವಂತ ಮನಿ, ಪೂರ್ತಿ ಬೋರ್ ನೀರು, ಉಪ್ಪು ಹಾಕಾಕ ಬ್ಯಾಸರ ಇಲ್ದೋರು ಇದ್ರ ಸಾಫ್ಟನರ್ ಹಾಕಸ್ರಿ. ಬಾಡಿಗಿ ಮನಿ ಇದ್ರ ನಮ್ಮಂಗ ಕುಡ್ಯಾಕ ಕ್ಯಾನ್, ಮಷಿನಿಗೆ ಗುಂಡಿನ ಫಿಲ್ಟರ್ ಸಾಕು, ಗೀಸರ್ ನಾಬ್ ಪೂರ್ತಿ ತಿರುವಿ ಇಡಬ್ಯಾಡ್ರಿ, ಹೆಚ್ಚು ಕಾದಷ್ಟು ಹೆಚ್ಚು ಸವಳು ಕಟ್ತೈತಿ, ಮತ್ತ ಬ್ಯಾಸಿಗಿ ಮುಗದ ಕೂಡ್ಲೆ ಮಿಸ್ತ್ರಿನ ಕರಸಿ ಕಾಯಿಲ್ ಬಿಚ್ಚಸ್ರಿ.